ಹಸಿವು ಗೆದ್ದ ವರ್ಷ

ಕಳೆದ ವಾರ ಮೇಲಿನ ಮನೆಗೆ ಹೊಸದಾಗಿ ಬಂದ ಬಾಡಿಗೆದಾರರ ಅಡುಗೆಮನೆಯಿಂದ ಜೀರಿಗೆ ಕುದಿಯುವ ವಾಸನೆ ಬಂತು. ಒಗ್ಗರಣೆಯ ಜೀರಿಗೆಯಲ್ಲ. ಬರೀ ನೀರಿಗೆ ಜೀರಿಗೆ ಹಾಕಿ ಬಣ್ಣ ಬಿಡುವವರೆಗೆ ಕುದಿಸಿದರೆ ಬರುತ್ತದಲ್ಲ, ಸ್ವಲ್ಪ ಕಹಿಯಾದ, ಕಷಾಯದಂಥ ವಾಸನೆ, ಅದು. ಬಟ್ಟೆ ಒಣಗಿಸಲು ಮಹಡಿಗೆ ಹೋಗುತ್ತಿದ್ದವಳು ಬಕೆಟ್ಟು ಕೆಳಗಿಟ್ಟು ಮೆಟ್ಟಿಲ ಮೇಲೆಯೇ ಕುಳಿತೆ. ಹಿಂದೊಮ್ಮೆ ಏಳೆಂಟು ತಿಂಗಳು ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದು ಆ ವಾಸನೆಯಿಂದಲೇ.

ನನ್ನ ಗಂಡ ಮುನಿರಾಜು ಇಟ್ಟಮಡುವಿನವರು. ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ಜಮೀನೆಲ್ಲ ಬಡಾವಣೆಯಾಗಿ, ನಮ್ಮ ಪಾಲಿಗೆ ಒಂದು ಸೈಟು, ಅದರ ಮೇಲೊಂದು ಮೂರಂತಸ್ತಿನ ಮನೆ ಉಳಿದಿತ್ತು. ಬಾಡಿಗೆಯಲ್ಲೇ ಜೀವನ ಸಾಗಿಸಬಹುದಿತ್ತು. ಅದು ಅವರಿಗೆ ಒಗ್ಗಲಿಲ್ಲ. ಕಾರೊಂದಕ್ಕೆ ಎಡಗಡೆಯೂ ಬ್ರೇಕು, ಕ್ಲಚ್ಚು ಹಾಕಿಸಿ ಬನಶಂಕರಿಯಲ್ಲಿ ಡ್ರೈವಿಂಗ್ ಸ್ಕೂಲ್ ತೆರೆದರು. ಎದುರಿಗೆ ಬಸ್ಸು ಬರುತ್ತಿದ್ದರೂ ಕೂಗದೆ, ತಾವೇ ಬ್ರೇಕು ಒತ್ತಿ, "ಏನೂ ಆಗ್ಲಿಲ್ಲ ಮೇಡಂ, ಇನ್ನೊಂದ್ಸಲ ಸ್ಟಾರ್ಟ್ ಮಾಡಿ" ಎನ್ನುವ ಮನುಷ್ಯ. ಬೇರೆ ಸ್ಕೂಲುಗಳಲ್ಲಿ ಹೆದರಿ ಬಿಟ್ಟ ಹೆಂಗಸರೆಲ್ಲ ಹುಡುಕಿಕೊಂಡು ಬರುತ್ತಿದ್ದುದು ಅವರ ಹತ್ತಿರಕ್ಕೆ.

ದಿನವಿಡೀ ಕಾರಿನಲ್ಲಿ ಕೂರುವ ಕೆಲಸ. ಬೆಳಗಿನ ಬ್ಯಾಚು ಮುಗಿದರೆ ದರ್ಶಿನಿಯಲ್ಲಿ ಖಾರಾಬಾತು, ಹನ್ನೊಂದಕ್ಕೆ ವಡೆ, ಸಂಜೆ ಯಾರಿಗಾದರೂ ಲೈಸೆನ್ಸು ಸಿಕ್ಕಿದ್ದರೆ ಅವರು ತಂದ ಸ್ವೀಟು. ಐವತ್ತು ದಾಟುವಷ್ಟರಲ್ಲಿ ಸೀಟುಬೆಲ್ಟು ಹೊಟ್ಟೆಯ ಮೇಲೆ ಏರಿ ಕೂರುತ್ತಿತ್ತು. ಮಗಳು ಕಾವ್ಯ ಅದನ್ನು ತಟ್ಟಿ ನಗುತ್ತಿದ್ದಳು. ಅವರೂ ನಗುತ್ತಿದ್ದರು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಲೈಸೆನ್ಸು ನವೀಕರಣಕ್ಕೆಂದು ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಇದೆ ಎಂದು ಗೊತ್ತಾಯಿತು. ಅಲ್ಲಿಯವರೆಗೆ ಅದರ ಸುಳಿವೇ ಇರಲಿಲ್ಲ. ಅವರ ಕಡೆ ಯಾರಿಗೂ ಆ ಕಾಯಿಲೆ ಇರಲಿಲ್ಲ. ಪಕ್ಕದ ಬೀದಿಯ ಕ್ಲಿನಿಕ್ಕಿನ ಡಾಕ್ಟರು, ಈ ವಯಸ್ಸಿಗೆ, ಈ ಹೊಟ್ಟೆಗೆ ಇದು ಸಾಮಾನ್ಯ ಎಂದು ಹೇಳಿ ಒಂದು ಮಾತ್ರೆ ಬರೆದುಕೊಟ್ಟರು. ಅನ್ನ ಕಡಿಮೆ ಮಾಡಿ, ನಡೆಯಿರಿ ಎಂದರು.

ನಡೆಯಲು ಹೋದದ್ದು ಪದ್ಮನಾಭನಗರದ ಪಾರ್ಕಿಗೆ. ಅಲ್ಲಿ ಗೋಪಾಲಣ್ಣ ಸಿಕ್ಕರು. ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರು, ಹೆಂಡತಿ ಇಲ್ಲ, ಮಾತು ಬೇಕು. ಅವರ ಸುತ್ತ ಒಂದು ಗುಂಪಿತ್ತು. ಟಿವಿಯಲ್ಲಿ ಬೆಳಿಗ್ಗೆ ಬಿಳಿ ಜುಬ್ಬಾ ಹಾಕಿಕೊಂಡು ಬರುವ ಒಬ್ಬರು ಹೇಳಿದ್ದನ್ನು ಆ ಗುಂಪು ಚಾಚೂ ತಪ್ಪದೆ ಪಾಲಿಸುತ್ತಿತ್ತು. ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರವರೆಗೆ ಮಾತ್ರ ಊಟ. ಉಳಿದ ಹದಿನಾರು ಗಂಟೆ ನೀರು, ಜೀರಿಗೆ ಕಷಾಯ, ಅಷ್ಟೇ. ಹೀಗೆ ಮಾಡಿದರೆ ಸಕ್ಕರೆ ಕಾಯಿಲೆ ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ ಎನ್ನುವುದು ಜುಬ್ಬಾದವರ ಮಾತು.

ನಾನು ಮನೆಯಲ್ಲೇ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಉತ್ತರ ಸರಿ ಇದ್ದರೂ ಹೇಗೆ ಬಂತು ಎಂದು ತೋರಿಸದಿದ್ದರೆ ಅಂಕ ಕೊಡುವವಳಲ್ಲ. ಈ ಟಿವಿಯವರ ಮಾತು ನನಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ಅದೇ ಚಾನೆಲ್ಲಿನಲ್ಲಿ, ಅದೇ ಸೋಫಾದ ಮೇಲೆ ಇನ್ನೊಂದು ದಿನ ಇನ್ನೊಬ್ಬರು ಕೂತು, ಬೆಳಗಿನ ತಿಂಡಿ ಬಿಡುವವರ ಆಯಸ್ಸು ಕಡಿಮೆ ಎಂದು ಅಷ್ಟೇ ಖಚಿತವಾಗಿ ಹೇಳುತ್ತಿದ್ದರು. ಒಂದು ವಾರ ತುಪ್ಪ ಅಮೃತ, ಇನ್ನೊಂದು ವಾರ ತುಪ್ಪ ವಿಷ. ನವಣೆ ತಿಂದರೆ ಎಲ್ಲ ವಾಸಿ ಎಂದವರೇ ಆಮೇಲೆ ನವಣೆಯಿಂದ ಥೈರಾಯ್ಡು ಎಂದರು. ಯಾರೂ ಹೋದ ವಾರದ ಮಾತನ್ನು ಈ ವಾರ ನೆನೆಸಿಕೊಳ್ಳುತ್ತಿರಲಿಲ್ಲ. ನಡುವೆ ಯಾವುದಾದರೊಂದು ಪುಡಿಯ ಜಾಹೀರಾತು. ನಾನು ಇದನ್ನೆಲ್ಲ ಇವರ ಮುಂದೆ ಹೇಳಿದರೆ, ಮಾಡಿ ನೋಡದೆ ಯಾವುದನ್ನೂ ಜರೆಯಬಾರದು ಎನ್ನುತ್ತಿದ್ದರು.

ನಮ್ಮ ಅತ್ತೆ ಬದುಕಿದ್ದಾಗ ಪ್ರತಿ ಶನಿವಾರ ಒಪ್ಪತ್ತು ಮಾಡುತ್ತಿದ್ದರು. ಆಗ ಇವರು, ಹೊಟ್ಟೆಗೆ ತಿನ್ನದಿದ್ದರೆ ಯಾವ ದೇವರು ಮೆಚ್ಚುತ್ತಾನೆ ಎಂದು ಅಮ್ಮನ ಎದುರಿಗೇ ತಟ್ಟೆ ತುಂಬ ಬಡಿಸಿಕೊಂಡು ಕೂರುತ್ತಿದ್ದರು. ಅಮ್ಮ ಹೇಳಿದರೂ ಕೇಳದವರು ಟಿವಿ ಹೇಳಿದಾಗ ಕೇಳಿದರು.

ಕೇಳಿದ್ದು ಮಾತ್ರ ಪೂರ್ತಿಯಾಗಿ. ಅವರಲ್ಲಿ ಅಂಥ ಶಿಸ್ತನ್ನು ನಾನು ನೋಡಿರಲಿಲ್ಲ. ಹೊಂಗೆ ಚಿಗುರುವ ಕಾಲದಲ್ಲಿ ಶುರು ಮಾಡಿದವರು ಯುಗಾದಿಯ ದಿನ ಬೇವುಬೆಲ್ಲವನ್ನೂ ಹನ್ನೆರಡು ಹೊಡೆಯುವವರೆಗೆ ಬಾಯಿಗೆ ಹಾಕಲಿಲ್ಲ. ಮನೆಯ ತುಂಬ ಹೋಳಿಗೆಯ ಘಮ, ಇವರು ನಡುಮನೆಯಲ್ಲಿ ಗಡಿಯಾರ ನೋಡುತ್ತ ಕೂತಿದ್ದರು. ಬೇಸಿಗೆಯಲ್ಲಿ ಕಲಿಯಲು ಬಂದವರು ದರ್ಶಿನಿಯ ಮುಂದೆ ಕಾರು ನಿಲ್ಲಿಸಿ ಕರೆದರೆ, ನೀವು ತಿಂದು ಬನ್ನಿ ಎಂದು ಕಳಿಸಿ, ತಾವು ಕಾರಿನಲ್ಲೇ ಕೂತು ಜೀರಿಗೆ ನೀರು ಕುಡಿಯುತ್ತಿದ್ದರಂತೆ. ಮೊದಮೊದಲು ಬಹಳ ಸಿಡುಕುತ್ತಿದ್ದರು. ಆಮೇಲೆ ಅದೂ ಹೋಯಿತು. ನನ್ನ ಅನುಮಾನ ಅನುಮಾನವಾಗಿಯೇ ಇದ್ದರೂ, ಆ ಮನುಷ್ಯನನ್ನು ನೋಡಿ ಒಳಗೊಳಗೆ ಹೆಮ್ಮೆ ಪಡುತ್ತಿದ್ದೆ. ಬೆಳಿಗ್ಗೆ ಎದ್ದು ಜೀರಿಗೆ ಕುದಿಸಿ ಬಾಟಲಿಗೆ ತುಂಬಿ ಕೊಡುತ್ತಿದ್ದವಳು ನಾನೇ.

ಏಪ್ರಿಲ್, ಮೇನಲ್ಲಿ ತೂಕ ಅಷ್ಟೇನೂ ಇಳಿಯಲಿಲ್ಲ. ಇಳಿಯತೊಡಗಿದ್ದು ಮಳೆ ಶುರುವಾದ ಮೇಲೆ. ಜೂನ್ ತಿಂಗಳ ಜಿಟಿಜಿಟಿಯಲ್ಲಿ ಒಂದು ಪ್ಯಾಂಟು ಸಡಿಲವಾಯಿತು. ಆಷಾಢದ ಗಾಳಿಯ ಹೊತ್ತಿಗೆ ಒಂದನ್ನು ಬಿಟ್ಟು ಉಳಿದ ಪ್ಯಾಂಟುಗಳೆಲ್ಲ ದರ್ಜಿಯ ಹತ್ತಿರ ಹೋಗಿ ಬಂದವು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡರು, ಅದೂ ಸಾಲದೆ ಇನ್ನೊಂದು. ಗುಂಪಿನವರೆಲ್ಲ ಅವರನ್ನು ನಿಲ್ಲಿಸಿಕೊಂಡು ಫೋಟೋ ತೆಗೆದರು. ಶ್ರಾವಣ ಹುಟ್ಟಿದ ಮೇಲೆ ನೆಂಟರ ಮದುವೆಯಲ್ಲಿ ಅವರನ್ನು ಗುರುತು ಹಿಡಿಯದವರೂ ಇದ್ದರು. ಗುರುತು ಹಿಡಿದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ, ಹೇಗೆ ಇಳಿಸಿದಿರಿ ಎಂದು. ಆ ಮದುವೆಯಲ್ಲಿ ಇವರು ಊಟಕ್ಕಿಂತ ಹೆಚ್ಚು ಹೊತ್ತು ಉಪವಾಸದ ಬಗ್ಗೆ ಮಾತಾಡಿದರು. ಎಲೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಇತ್ತು.

ಒಂದು ಮಧ್ಯಾಹ್ನ ನಾನು ಮುದ್ದೆ, ಹುರುಳಿಕಾಳಿನ ಬಸ್ಸಾರು ಮಾಡಿದ್ದೆ. ಬಸ್ಸಾರೆಂದರೆ ಪ್ರಾಣ ಬಿಡುತ್ತಿದ್ದವರು. ಹನ್ನೆರಡಾಯಿತು, ಒಂದಾಯಿತು. ಕರೆದೆ. ಬಂದು ತಟ್ಟೆಯ ಮುಂದೆ ಕೂತರು, ಅರ್ಧ ಮುದ್ದೆ ಮುರಿದರು, ಕೈ ತೊಳೆದುಕೊಂಡರು.

"ಯಾಕ್ರೀ, ಉಪ್ಪು ಜಾಸ್ತಿ ಆಯ್ತಾ?"

"ಏನಿಲ್ಲ, ಚೆನ್ನಾಗೈತೆ. ಹಸಿವೇ ಆಗ್ತಿಲ್ಲ ಕಣೇ. ತಟ್ಟೆ ಮುಂದಿಟ್ರೂ ಬೇಡ ಅನ್ಸುತ್ತೆ. ಹಸಿವು ಗೆದ್ದುಬಿಟ್ಟೆ ಅನ್ಸುತ್ತೆ." ಅವರ ಮುಖ ಸಂತೋಷದಿಂದ ಅರಳಿತ್ತು, ಮೊದಲ ಸಲ ಏರಿನಲ್ಲಿ ಗಾಡಿ ಹಿಂದೆ ಜಾರದಂತೆ ನಿಲ್ಲಿಸಿದ ವಿದ್ಯಾರ್ಥಿಯ ಮುಖದ ಹಾಗೆ.

ಆ ದಿನಗಳಲ್ಲೇ ಬೆನ್ನು ನೋವು ಶುರುವಾಗಿತ್ತು. ಮೇಲ್ಹೊಟ್ಟೆಯಿಂದ ಹಿಂದಕ್ಕೆ ಹೋಗುವ ನೋವು. ಸೀಟಿನಲ್ಲಿ ಕೂತು ಕೂತು ಹಿಡಿದುಕೊಂಡಿದೆ ಎಂದು ಅವರು, ಖಾಲಿ ಹೊಟ್ಟೆಯ ಗ್ಯಾಸು ಎಂದು ನಾನು. ಉಪವಾಸ ಬಿಡಿ, ನಿಶ್ಶಕ್ತಿಯಾಗುತ್ತಿದೆ ಎಂದು ಜಗಳ ಮಾಡಿದೆ. ಕ್ಲಿನಿಕ್ಕಿಗೂ ಕರೆದುಕೊಂಡು ಹೋದೆ. ಡಾಕ್ಟರು ತೂಕ ನೋಡಿ ಭೇಷ್ ಎಂದರು. ಸಕ್ಕರೆ ಮಾತ್ರ ಮೊದಲಿಗಿಂತ ಏರಿತ್ತು. ಇಷ್ಟು ಇಳಿದ ಮೇಲೂ ಏಕೆ ಏರಿತು ಎಂದು ಕೇಳಿದೆ. ಕೆಲವರಿಗೆ ಹಾಗಾಗುತ್ತದೆ ಎಂದು ಮಾತ್ರೆಯ ಶಕ್ತಿ ಹೆಚ್ಚಿಸಿದರು. ಗೋಪಾಲಣ್ಣನಿಗೆ ಅದಕ್ಕೂ ಉತ್ತರ ಗೊತ್ತಿತ್ತು. ದೇಹದೊಳಗಿನ ಹಳೆಯ ಸಕ್ಕರೆ ಹೊರಗೆ ಬರುವಾಗ ಹಾಗೆ ತೋರಿಸುತ್ತದೆ ಎಂದು ಬಿಳಿ ಜುಬ್ಬಾದವರು ಹೇಳಿದ್ದರಂತೆ.

ಶ್ರಾವಣದಲ್ಲಿ ಒಂದು ದಿನ ಆರೋಗ್ಯದ ವಿಡಿಯೋ ಮಾಡುವ ಚಾನೆಲ್ಲಿನವರು ಪಾರ್ಕಿಗೆ ಬಂದರು. ಗೋಪಾಲಣ್ಣನೇ ಕರೆಸಿದ್ದು. ಇವರು ನೀಲಿ ಶರ್ಟು ಹೊಸದಾಗಿ ತಂದು ಹಾಕಿಕೊಂಡು ಹೋದರು. ಮೈಕು ಹಿಡಿದ ಹುಡುಗಿ ಬಹಳ ಗೌರವದಿಂದ ಮಾತಾಡಿಸಿದಳು. ಇವರು ದರ್ಜಿಗೆ ಕೊಡದೆ ಉಳಿಸಿದ್ದ ಆ ಹಳೆಯ ಪ್ಯಾಂಟನ್ನು ಹಾಕಿಕೊಂಡು, ಅದರ ಸೊಂಟವನ್ನು ಮುಂದಕ್ಕೆ ಎಳೆದು ತೋರಿಸಿದರು. ಮೊದಲು ಕಷ್ಟವಾಗುತ್ತದೆ, ಆಮೇಲೆ ಹಸಿವೇ ಆಗುವುದಿಲ್ಲ, ಮನಸ್ಸು ಗೆದ್ದರೆ ಎಲ್ಲ ಗೆದ್ದ ಹಾಗೆ, ನಾನು ಡ್ರೈವಿಂಗ್ ಹೇಳಿಕೊಡುವವನು, ಬ್ರೇಕು ಯಾವಾಗ ಒತ್ತಬೇಕು ಎಂದು ನನಗೆ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಹಿಂದೆ ನಿಂತಿದ್ದೆ. ವಿಡಿಯೋವನ್ನು ಎಷ್ಟು ಜನ ನೋಡಿದರೆಂದರೆ ಜಯನಗರದ ಶಾಪಿಂಗ್ ಕಾಂಪ್ಲೆಕ್ಸಿನಲ್ಲಿ ಅಪರಿಚಿತರು ನಿಲ್ಲಿಸಿ, ನೀವೇ ಅಲ್ಲವಾ ಸಾರ್ ಎಂದು ಕೈ ಕುಲುಕುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ ಯಾರೋ ತನ್ನನ್ನು ಗುರುತಿಸುತ್ತಿದ್ದಾರೆ ಎಂದು ಮನೆಗೆ ಬಂದು ಹೇಳಿದರು. ಹೇಳುವಾಗ ನಾಚಿಕೊಂಡರು.

ಗಣೇಶನ ಹಬ್ಬ ಕಳೆಯುವಷ್ಟರಲ್ಲಿ ಮೈ ತುರಿಕೆ ಹತ್ತಿತು. ಹೊಸ ಸೋಪಿನಿಂದ ಎಂದುಕೊಂಡೆವು.

ಆಯುಧಪೂಜೆಯ ದಿನ ಕಾರು ತೊಳೆದು, ಚೆಂಡು ಹೂವಿನ ಹಾರ ಹಾಕಿ, ಬೂದುಗುಂಬಳ ಒಡೆಯಲು ಇವರು ಬೀದಿಯಲ್ಲಿ ನಿಂತಿದ್ದರು. ಒಂದು ವಾರದಿಂದ ಮೋಡ, ಅಂದು ಮಾತ್ರ ಬಿಸಿಲು ಬಂದಿತ್ತು. ಕಾವ್ಯ ಫೋಟೋ ತೆಗೆಯಲು ಮೊಬೈಲು ಎತ್ತಿದವಳು ಇಳಿಸಿದಳು. ಅಪ್ಪನ ಹತ್ತಿರ ಹೋಗಿ ಗಲ್ಲ ಹಿಡಿದು ಬಿಸಿಲಿನ ಕಡೆ ತಿರುಗಿಸಿದಳು.

"ಅಮ್ಮಾ, ಅಪ್ಪನ ಕಣ್ಣು ನೋಡು ಬಾ."

ಅರಿಶಿನ ಕಲಸಿದ ನೀರಿನ ಹಾಗಿತ್ತು.

ಕಾಮಾಲೆ ಎಂದರು ನೆರೆಯವರು. ಒಂದು ಕಡೆ ನಾಟಿ ಔಷಧಿ ಕೊಡುತ್ತಾರೆ, ಮೂರು ದಿನದಲ್ಲಿ ಇಳಿಯುತ್ತದೆ ಎಂದರು ಗೋಪಾಲಣ್ಣ. ನಾನು ಯಾರ ಮಾತನ್ನೂ ಕೇಳದೆ ಮಾರನೆಯ ದಿನವೇ ಜಯನಗರದ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ವಿಜಯದಶಮಿಯಾದ್ದರಿಂದ ಜನ ಕಡಿಮೆ ಇದ್ದರು. ಸ್ಕ್ಯಾನ್ ಮಾಡಿಸಿ ಬರುವಷ್ಟರಲ್ಲಿ ಸಂಜೆಯಾಗಿತ್ತು. ಡಾಕ್ಟರು ನಲವತ್ತರ ಆಸುಪಾಸಿನವರು, ಮೆತ್ತಗೆ ಮಾತಾಡುವವರು. ತೂಕ ಎಷ್ಟು ಇಳಿದಿದೆ ಎಂದು ಕೇಳಿದರು. ಇವರು ಕುರ್ಚಿಯಲ್ಲಿ ನೆಟ್ಟಗೆ ಕೂತು ಎಲ್ಲವನ್ನೂ ಹೇಳತೊಡಗಿದರು. ಹದಿನಾರು ಗಂಟೆ, ಜೀರಿಗೆ ನೀರು, ಪಾರ್ಕಿನ ಗುಂಪು. ವಿಡಿಯೋ ತೋರಿಸಲು ಮೊಬೈಲು ಕೂಡ ತೆಗೆದರು. ಡಾಕ್ಟರು ತಡೆಯದೆ ಕೇಳಿದರು. ಕೊನೆಯಲ್ಲಿ ಒಂದೇ ಪ್ರಶ್ನೆ ಹಾಕಿದರು.

"ಹಸಿವು ಕಮ್ಮಿಯಾಗಿದ್ದು ಯಾವಾಗಿಂದ ಸಾರ್?"

ಇವರು ಮೊಬೈಲನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು. ಆ ಕ್ಷಣಕ್ಕೇ ಅವರಿಗೆ ತಿಳಿಯಿತು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ. ಅದು ಪಿತ್ತದ ನಾಳವನ್ನು ಒತ್ತಿತ್ತು, ಯಕೃತ್ತಿಗೂ ಹರಡಿತ್ತು. ಆಪರೇಷನ್ ಮಾಡುವ ಹಂತ ದಾಟಿತ್ತು. ಸಕ್ಕರೆ ಇದ್ದಕ್ಕಿದ್ದಂತೆ ಕಾಣಿಸಿಕೊಂಡದ್ದು, ತೂಕ ಇಳಿದದ್ದು, ಬೆನ್ನಿನ ನೋವು, ಹಸಿವಿಲ್ಲದ್ದು, ಎಲ್ಲವೂ ಅದರದ್ದೇ ಇರಬಹುದು ಎಂದರು. ಉಪವಾಸದಿಂದ ಈ ಕಾಯಿಲೆ ಬಂದದ್ದಲ್ಲ ಎಂದೂ ಸ್ಪಷ್ಟವಾಗಿ ಹೇಳಿದರು. ಇವರನ್ನು ಹೊರಗೆ ಕೂರಿಸಿ ನಾನೊಬ್ಬಳೇ ಒಳಗೆ ಹೋಗಿ ಕೇಳಿದೆ, ಆಷಾಢದಲ್ಲೇ ಕರೆದುಕೊಂಡು ಬಂದಿದ್ದರೆ?

"ಹೇಳಕ್ಕಾಗಲ್ಲ ಮೇಡಂ. ಸ್ವಲ್ಪ ಟೈಮ್ ಸಿಗ್ತಿತ್ತೇನೋ. ಇದು ಬೇಗ ಸಿಕ್ಕಿದ್ರೂ ಕಷ್ಟಾನೇ. ನೀವು ಅದನ್ನ ಯೋಚನೆ ಮಾಡ್ಬೇಡಿ."

ಒಳ್ಳೆಯ ಮನುಷ್ಯ, ಸಮಾಧಾನಕ್ಕೆ ಹೇಳಿದರು. ನನಗೆ ಸಿಟ್ಟಾಗಲು ಯಾರಾದರೂ ಬೇಕಿತ್ತು. ತಪ್ಪನ್ನು ಜುಬ್ಬಾದವರ ಮೇಲೆ ಹಾಕೋಣವೆಂದರೆ ಕಾಯಿಲೆ ಅವರಿಂದ ಬಂದದ್ದಲ್ಲ. ಕ್ಲಿನಿಕ್ಕಿನವರ ಮೇಲೆ ಹಾಕೋಣವೆಂದರೆ, ದಪ್ಪಗಿದ್ದವನು ಪ್ರಯತ್ನಪಟ್ಟು ಸಣ್ಣಗಾಗುತ್ತಿದ್ದೇನೆ ಎಂದರೆ ಅವರಾದರೂ ಇನ್ನೇನು ಎಂದುಕೊಂಡಾರು? ಉಪವಾಸವನ್ನು ನಂಬಿದವರೂ ಅದನ್ನೇ ನೋಡುತ್ತಿದ್ದರು, ನಂಬದ ನಾನೂ ಅದನ್ನೇ ನೋಡುತ್ತಿದ್ದೆ. ಅದರ ಹಿಂದೆ ಇನ್ನೊಂದು ನಡೆಯುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಉಪವಾಸ ಇಲ್ಲದಿದ್ದರೆ ಅಷ್ಟು ತೂಕ ಇಳಿದದ್ದಕ್ಕೆ ನಾವೆಲ್ಲ ಹೆದರುತ್ತಿದ್ದೆವು. ಇದ್ದುದರಿಂದ ಚಪ್ಪಾಳೆ ತಟ್ಟಿದೆವು.

ನಾಳಕ್ಕೆ ಸ್ಟೆಂಟು ಹಾಕಿದರು. ಕಣ್ಣಿನ ಹಳದಿ ಇಳಿಯಿತು. ದೀಪಾವಳಿಗೆ ಮನೆಯಲ್ಲಿದ್ದರು. ಕೀಮೋ ಶುರುವಾಯಿತು, ತಡೆದುಕೊಳ್ಳಲಾಗದೆ ನಿಂತಿತು. ಆಮೇಲೆ ನಮ್ಮ ಮನೆಯಲ್ಲಿ ಗಡಿಯಾರ ನೋಡುವ ಕೆಲಸ ನನ್ನದಾಯಿತು. ಎರಡು ಗಂಟೆಗೊಮ್ಮೆ ಏನಾದರೂ ಕೊಡಿ ಎಂದು ಡಾಕ್ಟರು ಹೇಳಿದ್ದರು. ಗಂಜಿ, ರಾಗಿ ಮಾಲ್ಟು, ಮೆತ್ತಗಿನ ಇಡ್ಲಿ. ನಾನು ಬಟ್ಟಲು ಹಿಡಿದು ನಿಂತರೆ ಅವರು ನನ್ನ ಮೇಲಿನ ಮರ್ಯಾದೆಗೆ ಎರಡು ಚಮಚ ನುಂಗುತ್ತಿದ್ದರು. ಒಂದು ಬೆಳಿಗ್ಗೆ ತಾವಾಗಿಯೇ ಮಸಾಲೆ ದೋಸೆ ತಿನ್ನಬೇಕು ಎಂದರು. ಕಾವ್ಯ ಕಾರು ತೆಗೆದಳು. ಅವರೇ ಕಲಿಸಿದ್ದು. ಇವರು ಪಕ್ಕದ ಸೀಟಿನಲ್ಲಿ, ಅಭ್ಯಾಸಬಲದಿಂದ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕೂತರು. ಬನಶಂಕರಿಯ ದರ್ಶಿನಿಯವನು ಗುರುತು ಹಿಡಿದು, ತಾನೇ ಕಾರಿಗೆ ತಂದು ಕೊಟ್ಟ. ಎಷ್ಟು ದಿನ ಆಯ್ತು ಸಾರ್ ನೋಡಿ, ಸಖತ್ ಸಣ್ಣ ಆಗಿದೀರ ಎಂದ. ಇವರು ನಕ್ಕರು. ದೋಸೆಯ ಒಂದು ಅಂಚು ಮುರಿದು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಅಗಿದರು, ಆಮೇಲೆ ಕರವಸ್ತ್ರಕ್ಕೆ ಉಗಿದರು. ಎದುರಿಗೆ ನಿಂತು ತಿನ್ನುತ್ತಿದ್ದ ಜನರನ್ನು ನೋಡುತ್ತ ಕೂತರು.

"ಎಷ್ಟು ಸಲೀಸಾಗಿ ತಿಂತಾವ್ರೆ ನೋಡು" ಎಂದರು. ಅಸೂಯೆ ಇರಲಿಲ್ಲ, ಬರೀ ಆಶ್ಚರ್ಯ.

ಗೋಪಾಲಣ್ಣ ಒಮ್ಮೆ ನೋಡಲು ಬಂದಿದ್ದರು. ಮಂಚದ ಪಕ್ಕ ಕೂತು ಏನು ಮಾತಾಡಬೇಕೆಂದು ತಿಳಿಯದೆ ಹೊಸ ಮೆಟ್ರೋ ಮಾರ್ಗದ ಬಗ್ಗೆ ಮಾತಾಡಿದರು. ಹೋಗುವಾಗ ಗೇಟಿನ ಹತ್ತಿರ ನಿಂತು ಅತ್ತರು. ಆದರೆ ಅವರ ಗುಂಪು ಬಿಡಲಿಲ್ಲ. ಮುನಿರಾಜು ನಡುವೆ ಮಾತ್ರೆ ನುಂಗಿದ್ದರಿಂದ ಹೀಗಾಯಿತು, ಬರೀ ಉಪವಾಸದಲ್ಲೇ ಇದ್ದಿದ್ದರೆ ಗಡ್ಡೆ ಕರಗುತ್ತಿತ್ತು ಎಂದು ಅಲ್ಲಿ ಯಾರೋ ಹೇಳಿದರಂತೆ. ಉಳಿದವರು ತಲೆಯಾಡಿಸಿದರಂತೆ. ಕೇಳಿ ನನಗೆ ಏನೂ ಅನಿಸಲಿಲ್ಲ. ಅಷ್ಟು ಹೊತ್ತಿಗೆ ನಾನು ದಣಿದಿದ್ದೆ.

ಶಿವರಾತ್ರಿಗೆ ಮೊದಲು, ಚಳಿ ಇನ್ನೂ ಪೂರ್ತಿ ಹೋಗಿರದ ಒಂದು ಮಧ್ಯಾಹ್ನ, ಅವರು ಹೋದರು. ಹಿಂದಿನ ಎರಡು ದಿನ ನೀರೂ ಇಳಿದಿರಲಿಲ್ಲ. ಮಕ್ಕಳಿಗೆ ಟ್ಯೂಷನ್ ಇಲ್ಲ ಎಂದು ಗೇಟಿಗೆ ಚೀಟಿ ಅಂಟಿಸಿದ್ದೆವು. ಡ್ರೈವಿಂಗ್ ಕಲಿತ ಹೆಂಗಸರು ತಾವೇ ಸ್ಕೂಟರು, ಕಾರು ಓಡಿಸಿಕೊಂಡು ಬಂದು, ನಮ್ಮ ಇಕ್ಕಟ್ಟಿನ ಬೀದಿಯಲ್ಲಿ ಒಂದಕ್ಕೊಂದು ತಾಗದಂತೆ ಸಾಲಾಗಿ ನಿಲ್ಲಿಸಿದ್ದರು.

ತಿಥಿ ಎಲ್ಲ ಮುಗಿದ ಮೇಲೆ ಕಾವ್ಯ ಆ ವಿಡಿಯೋ ತೆಗೆಸಬೇಕು ಎಂದಳು. ಚಾನೆಲ್ಲಿಗೆ ಬರೆದಳು, ಉತ್ತರವಿಲ್ಲ. ಕೊನೆಗೆ ಮೈಕು ಹಿಡಿದಿದ್ದ ಹುಡುಗಿಯ ನಂಬರು ಹುಡುಕಿ ನಾನೇ ಮಾತಾಡಿದೆ. ಸುದ್ದಿ ಕೇಳಿ ಅವಳಿಗೆ ನಿಜವಾಗಿ ಸಂಕಟವಾಯಿತು. ತೆಗೆಯುವುದು ತನ್ನ ಕೈಯಲ್ಲಿಲ್ಲ, ಮೇಲಿನವರನ್ನು ಕೇಳುತ್ತೇನೆ ಎಂದಳು. ಕೆಲವು ದಿನ ಬಿಟ್ಟು ಫೋನ್ ಮಾಡಿದಳು.

"ಆಂಟಿ, ಅವ್ರು ಬೇಡ ಅಂತಿದಾರೆ. ಅಂಕಲ್ ಮಾತಿಂದ ತುಂಬ ಜನಕ್ಕೆ ಸ್ಫೂರ್ತಿ ಸಿಗ್ತಿದೆಯಂತೆ. ಅದು ಅವ್ರ ನೆನಪಿಗೆ ಇರ್ಲಿ ಅಂತಾರೆ."

ವಿಡಿಯೋ ಈಗಲೂ ಇದೆ. ನಾನು ನೋಡುವುದಿಲ್ಲ. ಅದರ ಕೆಳಗೆ ಜನ ಬರೆಯುವುದನ್ನು ಮಾತ್ರ ಆಗಾಗ ಓದುತ್ತೇನೆ. ಹೆಚ್ಚಿನವರು ಸಾರ್ ಸೂಪರ್ ಎನ್ನುತ್ತಾರೆ, ಕೈ ಮುಗಿಯುವ ಚಿತ್ರ ಹಾಕುತ್ತಾರೆ. ಎಂಟು ಗಂಟೆಯ ಮೇಲೆ ಹಾಲು ಕುಡಿಯಬಹುದಾ ಎಂದು ಅವರನ್ನೇ ಕೇಳುತ್ತಾರೆ. ಮೊನ್ನೆ ಒಬ್ಬ ಹೆಂಗಸು ಬರೆದಿದ್ದಳು. ನಮ್ಮ ಯಜಮಾನರೂ ನಿಮ್ಮನ್ನು ನೋಡಿ ಶುರು ಮಾಡಿದ್ದಾರೆ, ಸಕ್ಕರೆ ಹೊಸದಾಗಿ ಬಂದಿತ್ತು, ಈಗ ಚೆನ್ನಾಗಿ ಇಳಿದಿದ್ದಾರೆ, ನಿಮ್ಮ ಹಾಗೆಯೇ ಅವರಿಗೂ ಹಸಿವೇ ಆಗುತ್ತಿಲ್ಲ, ನಿಮ್ಮ ಕುಟುಂಬ ನೂರು ಕಾಲ ಚೆನ್ನಾಗಿರಲಿ ಎಂದು.

ಕಾವ್ಯಳಿಂದ ಬರೆಸದೆ ನಾನೇ ಒಂದೊಂದೇ ಅಕ್ಷರ ಒತ್ತಿದೆ. ಅಮ್ಮಾ, ನಾನು ಇವರ ಹೆಂಡತಿ. ಇವರು ಈಗಿಲ್ಲ. ಇವರಿಗೆ ಒಳಗೆ ಕಾಯಿಲೆ ಇತ್ತು, ನಮಗೆ ಗೊತ್ತಾಗಲಿಲ್ಲ. ನಿಮ್ಮ ಯಜಮಾನರಿಗೆ ಏನೂ ಇಲ್ಲದೆಯೂ ಇರಬಹುದು. ಆದರೂ ಒಂದು ಸಲ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹೊಟ್ಟೆಯ ಸ್ಕ್ಯಾನ್ ಮಾಡಿಸಿ.

ಸಂಜೆಯೊಳಗೆ ನನ್ನ ಮಾತಿನ ಕೆಳಗೆ ಬೇರೆಯವರು ಬರೆದಿದ್ದರು. ಸಾರ್ ಇಷ್ಟು ಚೆನ್ನಾಗಿ ನಗುತ್ತಿದ್ದಾರೆ, ಬದುಕಿರುವವರ ಬಗ್ಗೆ ಇಂಥ ಅಪಶಕುನ ನುಡಿಯಲು ನಾಚಿಕೆಯಾಗುವುದಿಲ್ಲವಾ ಎಂದು ಒಬ್ಬರು. ಇದು ಆಸ್ಪತ್ರೆಯವರು ದುಡ್ಡು ಕೊಟ್ಟು ಮಾಡಿಸುವ ಕೆಲಸ, ನಂಬಬೇಡಿ ಎಂದು ಇನ್ನೊಬ್ಬರು. ಅದಕ್ಕೆ ಹಲವರು ಮೆಚ್ಚುಗೆ ಒತ್ತಿದ್ದರು. ಮಾರನೆಯ ಬೆಳಿಗ್ಗೆ ನೋಡಿದಾಗ ನಾನು ಬರೆದದ್ದು ಅಲ್ಲಿರಲಿಲ್ಲ. ಚಾನೆಲ್ಲಿನವರು ಅಳಿಸಿದ್ದರು.

ಮತ್ತೆ ಬರೆದೆ. ಅದನ್ನೂ ಅಳಿಸಿದರು. ಆ ಹೆಂಗಸು ಯಾವ ಊರಿನವಳೋ, ನನ್ನ ಮಾತು ಅವಳ ಕಣ್ಣಿಗೆ ಬಿತ್ತೋ ಇಲ್ಲವೋ ಗೊತ್ತಿಲ್ಲ. ಅವಳ ಹೆಸರಿನ ಜಾಗದಲ್ಲಿ ಒಂದು ದಾಸವಾಳದ ಚಿತ್ರ ಮಾತ್ರ ಇದೆ.